ಇಂಜೂರಿಯಾ ಎಂಬ ಪಾಠ

ನಮ್ಮ ಕಾನೂನು ಕಾಲೇಜಿನಲ್ಲಿ ಮೊದಲ ವರ್ಷ ಅಪಕೃತ್ಯ ಕಾನೂನನ್ನು (ಒಬ್ಬರು ಇನ್ನೊಬ್ಬರಿಗೆ ಎಸಗಿದ ತಪ್ಪಿಗೆ ಪರಿಹಾರ ಕೊಡಿಸುವ ಸಿವಿಲ್ ಕಾನೂನನ್ನು), ಎಂದರೆ ನಾವೆಲ್ಲ ಟಾರ್ಟ್ಸ್ ಎಂದೇ ಕರೆಯುತ್ತಿದ್ದ ವಿಷಯವನ್ನು, ಬೋಧಿಸುತ್ತಿದ್ದ ಗುರುಗಳಿಗೆ ಲ್ಯಾಟಿನ್ ಸೂತ್ರಗಳನ್ನು ಬಾಯಿಪಾಠ ಮಾಡಿಸುವುದು ಒಪ್ಪಿಗೆಯಿರಲಿಲ್ಲ. ಪರೀಕ್ಷೆಗೆ ಬೇಕಾಗಿದ್ದುದು ‘ಇಂಜೂರಿಯಾ ಸೈನ್ ಡ್ಯಾಮ್ನೋ’, ‘ಡ್ಯಾಮ್ನಮ್ ಸೈನ್ ಇಂಜೂರಿಯಾ’ ಎಂಬ ಎರಡು ಸೂತ್ರಗಳು ಮಾತ್ರ. ಮೊದಲನೆಯದರಲ್ಲಿ ನಷ್ಟವಿಲ್ಲದಿದ್ದರೂ ಹಕ್ಕಿಗೆ ಚ್ಯುತಿಯಾಗಿರುತ್ತದೆ, ಎರಡನೆಯದರಲ್ಲಿ ನಷ್ಟವಾಗಿದ್ದರೂ ಹಕ್ಕಿಗೆ ಚ್ಯುತಿಯಿರುವುದಿಲ್ಲ. ಗೈಡುಗಳಲ್ಲಿ ಇಷ್ಟಕ್ಕೆ ಅರ್ಧ ಪುಟ ಸಾಕಾಗುತ್ತಿತ್ತು. ಗುರುಗಳು ಮಾತ್ರ ‘ಇಂಜೂರಿಯಾ’ ಎಂಬ ಒಂದು ಪದವನ್ನೇ ಹಿಡಿದು ಹಲವು ತರಗತಿಗಳನ್ನು ತೆಗೆದುಕೊಂಡರು. ಕಾಲೇಜಿನ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಕೇಳಿದಾಗ ನನಗೆ ಬರೆಯಬೇಕೆನ್ನಿಸಿದ್ದು ಆ ತರಗತಿಗಳ ಬಗ್ಗೆಯೇ.

ಕರಿಹಲಗೆಯ ಮೇಲೆ ಅವರು ಮೊದಲು ಬರೆದದ್ದು ‘ಇಯುಸ್’ ಎಂಬ ಪದ. ಅದಕ್ಕೆ ಹಕ್ಕು, ನ್ಯಾಯ, ಕಾನೂನು ಎಂಬ ಅರ್ಥಗಳಿವೆ. ಅದರ ಹಿಂದೆ ನಿಷೇಧದ ‘ಇನ್’ ಸೇರಿದಾಗ, ರೋಮನ್ನರ ಬಾಯಲ್ಲಿ ‘ಇನ್‌ಯೂರಿಯಾ’ ಆಗಿ ನಮ್ಮ ತರಗತಿಗಳಲ್ಲಿ ‘ಇಂಜೂರಿಯಾ’ ಆಗಿರುವ ಈ ಪದ ಹುಟ್ಟುತ್ತದೆ. ಕ್ರಿ.ಶ. 533ರಲ್ಲಿ ಸಾಮ್ರಾಟ ಜಸ್ಟಿನಿಯನ್ ಕಾನೂನು ವಿದ್ಯಾರ್ಥಿಗಳಿಗಾಗಿಯೇ ಹೊರಡಿಸಿದ ‘ಇನ್‌ಸ್ಟಿಟ್ಯೂಟ್ಸ್’ ಎಂಬ ಪಠ್ಯದಲ್ಲಿ ಇದರ ಅರ್ಥಗಳನ್ನು ಬಿಡಿಸಿ ಹೇಳಲಾಗಿದೆ. ಸಾಮಾನ್ಯವಾಗಿ, ನ್ಯಾಯಬದ್ಧವಲ್ಲದೆ ನಡೆದದ್ದೆಲ್ಲವೂ ಇಂಜೂರಿಯಾ. ವಿಶೇಷಾರ್ಥದಲ್ಲಿ ಅದು ಒಮ್ಮೆ ಅವಮಾನ, ಒಮ್ಮೆ ಅಕ್ವಿಲಿಯನ್ ಕಾನೂನಿನಲ್ಲಿರುವಂತೆ ಇನ್ನೊಬ್ಬರ ಆಸ್ತಿಪಾಸ್ತಿಗೆ ಹಾನಿ ತಂದವನ ತಪ್ಪು, ಮತ್ತೊಮ್ಮೆ ಅನ್ಯಾಯ. ನ್ಯಾಯಾಧೀಶನು ಕಾನೂನಿಗೆ ವಿರುದ್ಧವಾಗಿ ತೀರ್ಪು ಕೊಟ್ಟರೆ ಸೋತವನು ಇಂಜೂರಿಯಾಕ್ಕೆ ಒಳಗಾದನೆಂದೇ ಹೇಳುತ್ತಿದ್ದರು. ನ್ಯಾಯಪೀಠವೂ ಈ ತಪ್ಪನ್ನು ಎಸಗಬಲ್ಲದು ಎಂಬುದನ್ನು ಹೊಸದಾಗಿ ಕಾನೂನು ಓದಲು ಬಂದವರಿಗೆ ಒಂದು ಚಕ್ರಾಧಿಪತ್ಯದ ಅಧಿಕೃತ ಪಠ್ಯವೇ ಹೇಳಿತ್ತು ಎಂಬ ಸಂಗತಿ ನನ್ನನ್ನು ಆಗಲೂ ಬೆರಗುಗೊಳಿಸಿತ್ತು, ಈಗಲೂ ಬೆರಗುಗೊಳಿಸುತ್ತದೆ. ಕಾನೂನನ್ನು ಅತಿಯಾಗಿ ಎಳೆದರೆ ಅದೇ ಅತಿ ದೊಡ್ಡ ಇಂಜೂರಿಯಾ ಆಗುತ್ತದೆ ಎಂಬ ಮಾತನ್ನು ರೋಮನ್ ವಾಗ್ಮಿ ಸಿಸೆರೋ ತನ್ನ ಕಾಲಕ್ಕಾಗಲೇ ಹಳತಾಗಿದ್ದ ಗಾದೆಯೆಂದು ಉದಾಹರಿಸಿದ್ದಾನೆ.

ಪದದ ಚರಿತ್ರೆ ಮಾತ್ರ ಇಷ್ಟು ಉದಾತ್ತವಾಗಿ ಆರಂಭವಾಗುವುದಿಲ್ಲ. ಕ್ರಿ.ಪೂ. ಐದನೆಯ ಶತಮಾನದಲ್ಲಿ ರೋಮ್‌ನಲ್ಲಿ ಬರೆದಿಟ್ಟ ಹನ್ನೆರಡು ಫಲಕಗಳ ಕಾನೂನಿನಲ್ಲಿ ದೇಹಕ್ಕಾದ ಪೆಟ್ಟುಗಳಿಗೆಲ್ಲ ದರ ಗೊತ್ತುಮಾಡಿದ್ದರು. ಅಂಗ ಊನವಾಗಿ ರಾಜಿಯೂ ಆಗದಿದ್ದರೆ ಅದೇ ಅಂಗವನ್ನು ಊನಗೊಳಿಸುವ ಪ್ರತೀಕಾರ. ಸ್ವತಂತ್ರನ ಮೂಳೆ ಮುರಿದರೆ 300 ಆಸ್, ಗುಲಾಮನದಾದರೆ 150. ಉಳಿದ ಇಂಜೂರಿಯಾಕ್ಕೆ 25 ಆಸ್. ಆಸ್ ಎಂಬುದು ಮೊದಲಿಗೆ ಒಂದು ರೋಮನ್ ಪೌಂಡ್ ತೂಕದ ಕಂಚು. ಕಾಲ ಸರಿದಂತೆ ನಾಣ್ಯದ ಬೆಲೆ ಇಳಿಯಿತು, ದಂಡದ ಮೊತ್ತ ಹಾಗೆಯೇ ಉಳಿಯಿತು. ಎರಡನೆಯ ಶತಮಾನದ ಲೇಖಕ ಔಲಸ್ ಗೆಲ್ಲಿಯಸ್ ದಾಖಲಿಸಿರುವ ಲೂಸಿಯಸ್ ವೆರಾಷಿಯಸ್‌ನ ಕಥೆಯನ್ನು ಗುರುಗಳು ಇಲ್ಲಿ ಹೇಳಿದರು. ಈ ವೆರಾಷಿಯಸ್ ದಾರಿಯಲ್ಲಿ ಎದುರಾದ ಸ್ವತಂತ್ರ ನಾಗರಿಕರ ಕೆನ್ನೆಗೆ ಹೊಡೆಯುವುದನ್ನು ಮೋಜು ಮಾಡಿಕೊಂಡಿದ್ದನು; ಹಣದ ಚೀಲ ಹಿಡಿದು ಹಿಂದೆ ಬರುತ್ತಿದ್ದ ಗುಲಾಮನು ಪೆಟ್ಟು ತಿಂದ ಪ್ರತಿಯೊಬ್ಬನಿಗೂ ಕಾನೂನಿನಂತೆ 25 ಆಸ್ ಎಣಿಸಿಕೊಡುತ್ತಿದ್ದನು. ತರಗತಿಯಲ್ಲಿ ನಗು ಎದ್ದಿತು. ಗುರುಗಳು ನಗಲಿಲ್ಲ. “ಆ ಇಪ್ಪತ್ತೈದು ಆಸ್ ಕೈಯಲ್ಲಿ ಹಿಡಿದುಕೊಂಡು ಬೀದಿಯಲ್ಲಿ ನಿಂತವನ ಜಾಗದಲ್ಲಿ ನಿಮ್ಮನ್ನು ನಿಲ್ಲಿಸಿಕೊಳ್ಳಿ” ಎಂದಷ್ಟೇ ಹೇಳಿ ಮುಂದಕ್ಕೆ ಹೋದರು.

ಈ ಪ್ರಸಂಗದ ಕಾರಣದಿಂದಲೇ ಪ್ರೀಟರ್ ಎಂಬ ನ್ಯಾಯಾಧಿಕಾರಿಗಳು ಹಳೆಯ ದರವನ್ನು ಕೈಬಿಟ್ಟು, ಪ್ರತಿ ಪ್ರಕರಣದಲ್ಲೂ ಅವಮಾನದ ತೂಕ ನೋಡಿ ಮೊತ್ತ ನಿರ್ಧರಿಸುವ ಕ್ರಮವನ್ನು ತಂದರೆಂದು ಗೆಲ್ಲಿಯಸ್ ಹೇಳುತ್ತಾನೆ. ಕಾರಣ ಅದೊಂದೇ ಇರಲಿ, ಇಲ್ಲದಿರಲಿ, ಪದದ ಅರ್ಥ ವಿಶಾಲವಾದದ್ದು ಆ ಹಾದಿಯಲ್ಲಿಯೇ. ಒಬ್ಬನ ಮನೆಯ ಮುಂದೆ ಗುಂಪುಗೂಡಿ ಬೈದು ಕೂಗುವುದು, ಗೌರವಸ್ಥ ಹೆಣ್ಣುಮಗಳನ್ನು ಬೀದಿಯಲ್ಲಿ ಹಿಂಬಾಲಿಸುವುದು, ಮಾನ ಕಳೆಯುವಂತೆ ಬರೆದು ಹಂಚುವುದು ಎಲ್ಲವೂ ಇಂಜೂರಿಯಾ ಆದವು. ಅದೇ ಪೆಟ್ಟು ನಾಟಕಶಾಲೆಯಲ್ಲೋ ನ್ಯಾಯಾಧಿಕಾರಿಯ ಕಣ್ಣೆದುರಿಗೋ ಬಿದ್ದರೆ ಹೆಚ್ಚು ಘೋರವೆಂದು ಎಣಿಸಿದರು. ಮೂರನೆಯ ಶತಮಾನದ ಆರಂಭದಲ್ಲಿ ಬರೆದ ನ್ಯಾಯಶಾಸ್ತ್ರಜ್ಞ ಉಲ್ಪಿಯನ್, ಒಬ್ಬನನ್ನು ಸಾರ್ವಜನಿಕ ಸ್ನಾನಗೃಹದಲ್ಲಿ ಮೀಯದಂತೆ, ನಾಟಕಶಾಲೆಯಲ್ಲಿ ಕೂರದಂತೆ, ಸಮುದ್ರದಲ್ಲಿ ಮೀನು ಹಿಡಿಯದಂತೆ ತಡೆದರೆ ಅವನು ಇಂಜೂರಿಯಾದ ದಾವೆ ಹೂಡಬಹುದೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ಹೂಡಬಹುದೆಂಬ ಕಡೆಗೇ ವಾಲುತ್ತಾನೆ. ಇಲ್ಲಿ ರಕ್ತ ಬಂದಿಲ್ಲ, ಕಾಸು ಕಳೆದಿಲ್ಲ. ಎಲ್ಲರಿಗೂ ಸೇರಿದ ಜಾಗದಿಂದ ಒಬ್ಬನನ್ನು ಹೊರಗಿಟ್ಟದ್ದೇ ತಪ್ಪು.

ಈ ಸಾಲುಗಳನ್ನು ಓದಿದ ದಿನವೇ ಗುರುಗಳು, ಜಾತಿ, ಧರ್ಮ ಮೊದಲಾದ ಕಾರಣಕ್ಕೆ ಯಾರನ್ನೂ ಸಾರ್ವಜನಿಕ ಜಾಗಗಳಿಂದ ಹೊರಗಿಡಬಾರದೆನ್ನುವ ನಮ್ಮ ಸಂವಿಧಾನದ 15(2)ನೇ ವಿಧಿಯನ್ನೂ ಓದಿಸಿದರು. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ ಎಂದು ಅಲ್ಲಿ ಒಂದೊಂದಾಗಿ ಹೆಸರಿಸಬೇಕಾಗಿ ಬಂದದ್ದು ಏಕೆಂಬುದನ್ನು ನಮ್ಮಲ್ಲಿ ಕೆಲವರು ಮನೆಯಲ್ಲಿಯೇ ತಿಳಿದು ಬಂದವರಾಗಿದ್ದೆವು. ಆದರೆ ರೋಮನ್ನರನ್ನು ಹೊಗಳಿ ಮುಗಿಸುವುದಕ್ಕೂ ಅವರು ಬಿಡಲಿಲ್ಲ. ಗುಲಾಮನಿಗೆ ಸ್ವತಃ ಇಂಜೂರಿಯಾ ಆಗುವುದೇ ಇಲ್ಲ, ಅವನ ಮೂಲಕ ಒಡೆಯನಿಗೆ ಆಗುತ್ತದೆ ಎಂಬುದು ರೋಮನ್ ನ್ಯಾಯಶಾಸ್ತ್ರಜ್ಞ ಗೈಯಸ್‌ನ ಪಾಠ. ಮಾನವೇ ಇಲ್ಲವೆಂದು ಮೊದಲೇ ತೀರ್ಮಾನಿಸಲ್ಪಟ್ಟವನಿಗೆ ಮಾನಹಾನಿಯಾಗಲು ಎಡೆಯೆಲ್ಲಿ? ವೆರಾಷಿಯಸ್‌ನ ಹಿಂದೆ ಚೀಲ ಹೊತ್ತು ನಡೆದವನ ಕೆನ್ನೆಗೆ ಯಾವ ಫಲಕದಲ್ಲೂ ಅವನದೇ ಆದ ಬೆಲೆಯಿರಲಿಲ್ಲ. ರೋಮನ್ ಕಾನೂನಿನ ಬಗ್ಗೆ ನಾನು ಎಷ್ಟೇ ಗೌರವವಿಟ್ಟುಕೊಂಡಿದ್ದರೂ ಈ ಒಂದು ಅಂಶದಲ್ಲಿ ಅದು ಇಂಜೂರಿಯಾ ಎಂಬ ಪದಕ್ಕೇ ದ್ರೋಹ ಬಗೆಯಿತೆಂದು ಭಾವಿಸುತ್ತೇನೆ.

ಪಠ್ಯಕ್ರಮದ ಸೂತ್ರಗಳು ಇದಾದ ಮೇಲೆ ತಾವಾಗಿಯೇ ತಿಳಿದವು. 1703ರ ಆಷ್ಬಿ ವಿರುದ್ಧ ವೈಟ್ ಮೊಕದ್ದಮೆಯಲ್ಲಿ ಮತ ಹಾಕಲು ಬಿಡದಿದ್ದ ಅಧಿಕಾರಿಗಳ ಮೇಲೆ ಮತದಾರನು ದಾವೆ ಹೂಡಿದ್ದನು. ಅವನು ಬೆಂಬಲಿಸಿದ್ದ ಅಭ್ಯರ್ಥಿಗಳು ಗೆದ್ದೇ ಇದ್ದರೂ ಹಕ್ಕಿಗೆ ತಡೆಯಾದದ್ದೇ ಹಾನಿ ಎಂದರು ಮುಖ್ಯ ನ್ಯಾಯಮೂರ್ತಿ ಹೋಲ್ಟ್. 1410ರ ಗ್ಲಾಸ್ಟರ್ ಶಾಲೆಯ ಪ್ರಕರಣ ಇದಕ್ಕೆ ತಿರುವುಮುರುವು: ಎದುರಾಳಿಯೊಬ್ಬ ಶಾಲೆ ತೆರೆದುದರಿಂದ ಹಳೆಯ ಶಿಕ್ಷಕರು 40 ಪೆನ್ಸ್ ಪಡೆಯುತ್ತಿದ್ದ ಶುಲ್ಕವನ್ನು 12ಕ್ಕೆ ಇಳಿಸಬೇಕಾಯಿತು, ಆದರೂ ಅವರಿಗೆ ಪರಿಹಾರ ದಕ್ಕಲಿಲ್ಲ. ನಮ್ಮ ಸುಪ್ರೀಂ ಕೋರ್ಟು ಶಾಸಕ ಭೀಮ್ ಸಿಂಗ್ ಅವರನ್ನು ಅಕ್ರಮವಾಗಿ ಬಂಧನದಲ್ಲಿಟ್ಟು ವಿಧಾನಸಭೆಯ ಅಧಿವೇಶನಕ್ಕೆ ಹೋಗದಂತೆ ಮಾಡಿದ್ದಕ್ಕಾಗಿ 1985ರಲ್ಲಿ 50,000 ರೂಪಾಯಿ ಕೊಡಿಸಿತು.

ವಕೀಲಿ ವೃತ್ತಿಗೆ ಬಂದ ಮೇಲೆ ನಾನು ಕಂಡದ್ದೆಂದರೆ, ನ್ಯಾಯಾಲಯದ ಆವರಣದಲ್ಲಿ ಗಾಯಕ್ಕೆ ಇರುವಷ್ಟು ಬೆಲೆ ಹಕ್ಕಿಗೆ ಇಲ್ಲ. ಹೊಡೆದಾಟದ ಕೇಸಾದರೆ ಎಲ್ಲರೂ ಮೊದಲು ಕೇಳುವುದು ವೂಂಡ್ ಸರ್ಟಿಫಿಕೇಟ್. ಅದರಲ್ಲಿ ಗಾಯ ಸಾಮಾನ್ಯವೆಂದಿದ್ದರೆ ಕೇಸೇ ಸಾಮಾನ್ಯವೆಂಬಂತೆ ಮಾತಾಡುತ್ತಾರೆ. ಆದರೆ ಭಾರತೀಯ ದಂಡ ಸಂಹಿತೆಯ 44ನೇ ಕಲಮು ‘ಇಂಜುರಿ’ ಎಂಬುದಕ್ಕೆ, ಯಾವನೇ ವ್ಯಕ್ತಿಯ ದೇಹ, ಮನಸ್ಸು, ಪ್ರತಿಷ್ಠೆ ಅಥವಾ ಸ್ವತ್ತಿಗೆ ಕಾನೂನುಬಾಹಿರವಾಗಿ ಉಂಟುಮಾಡಿದ ಯಾವುದೇ ಹಾನಿ ಎಂಬ ಅರ್ಥವನ್ನು ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ದೇಹಕ್ಕಾಗುವ ನೋವಿಗೆ ಅಲ್ಲಿ ಬೇರೆಯೇ ಪದವಿದೆ.

ಕೆಲವು ವರ್ಷಗಳ ಹಿಂದೆ ಒಬ್ಬ ವಯಸ್ಸಾದ ತಾಯಿ ನನ್ನ ಕಚೇರಿಗೆ ಬಂದಿದ್ದರು. ಪಕ್ಕದವರು ದಿನವೂ ಇವರ ಹಿತ್ತಿಲೊಳಗಿಂದಲೇ ಓಡಾಡುತ್ತಿದ್ದರು. ಬೇಲಿ ಮುರಿದಿರಲಿಲ್ಲ, ಒಂದು ಬಾಳೆಗಿಡವೂ ಬಿದ್ದಿರಲಿಲ್ಲ. “ನಷ್ಟ ಅಂತ ಏನೂ ಆಗಿಲ್ಲ ಸಾರ್, ಆದ್ರೆ ಒಂದು ಮಾತು ಕೇಳಿಲ್ಲ ಅವ್ರು ನನ್ನ” ಎಂದರು. ಬೇರೆ ಕಡೆ ಅವರಿಗೆ, ನಷ್ಟವೇ ಇಲ್ಲದ ಮೇಲೆ ಕೇಸು ನಿಲ್ಲುವುದಿಲ್ಲವೆಂದು ಹೇಳಿ ಕಳಿಸಿದ್ದರಂತೆ. ಪಕ್ಕದವರು ಹಾಗೆ ಓಡಾಡದಂತೆ ತಡೆಯುವ ಶಾಶ್ವತ ನಿರ್ಬಂಧಕಾಜ್ಞೆ ಕೋರಿ ಅಸಲು ದಾವೆ ಸಿದ್ಧಪಡಿಸಿದೆ. ಅತಿಕ್ರಮ ಪ್ರವೇಶಕ್ಕೆ ನಷ್ಟವನ್ನು ರುಜುವಾತುಪಡಿಸಬೇಕಾಗಿಲ್ಲ ಎಂಬ ವಾದವನ್ನು ಬರೆಯುವಾಗ ನನಗೆ ಯಾವ ಪುಸ್ತಕವನ್ನೂ ತೆರೆಯಬೇಕಾಗಲಿಲ್ಲ. ದಾವೆ ಆ ತಾಯಿಯ ಪರವಾಗಿ ಡಿಕ್ರಿಯಾಯಿತು. ಪರಿಹಾರದ ಹಣವನ್ನು ಅವರು ಕೇಳಿರಲೂ ಇಲ್ಲ.