ತಲೆಗೆ ಕರೆಂಟ್, ಕಾಲಿಗೆ ಕೆಲಸ: ದೀರ್ಘಕಾಲದ ನೋವಿನಲ್ಲಿ ಟಿಡಿಸಿಎಸ್ ಮತ್ತು ವ್ಯಾಯಾಮವನ್ನು ಜೋಡಿಸುವ ಬಗೆ

ನೋವಿನ ವಿಭಾಗಕ್ಕೆ ಟಿಡಿಸಿಎಸ್ (ತಲೆಯ ಮೇಲಿಂದ ಮಿದುಳಿಗೆ ಸಣ್ಣ ನೇರ ವಿದ್ಯುತ್ ಹರಿಸುವ ಚಿಕಿತ್ಸೆ) ಯಂತ್ರ ಬಂದ ಮೇಲೆ ಎಲ್ಲರ ಗಮನವೂ ಅದರ ಮೇಲೇ ಇರುತ್ತದೆ. ಕರೆಂಟ್ ಎಷ್ಟು, ಎಷ್ಟು ನಿಮಿಷ, ಯಾವ ಜಾಗ ಎಂಬ ಚರ್ಚೆ ಮುಗಿಯುವುದೇ ಇಲ್ಲ. ವ್ಯಾಯಾಮದ ವಿಷಯ ಬಂದಾಗ ಮಾತ್ರ ಚೀಟಿಯಲ್ಲಿ ‘ದಿನಾ ವಾಕಿಂಗ್ ಮಾಡಿ’ ಎಂದು ಒಂದು ಸಾಲು ಬರೆದು ಮುಗಿಸುತ್ತೇವೆ. ಫೈಬ್ರೊಮಯಾಲ್ಜಿಯ (ಮೈಯೆಲ್ಲ ಬಹುಕಾಲ ನೋಯುವ ಕಾಯಿಲೆ), ಹಳೆಯ ಸೊಂಟನೋವು, ಮಂಡಿ ಸವೆತ ಇರುವವರ ಜೊತೆ ಕೆಲಸ ಮಾಡುವ ಯಾರಿಗಾದರೂ ನಾವು ಮೊದಲು ಹೇಳುವುದು ಇದು: ಯಂತ್ರದ ಸೆಟ್ಟಿಂಗ್‌ಗೆ ಎಷ್ಟು ತಲೆ ಕೆಡಿಸಿಕೊಳ್ಳುತ್ತೀರೋ ಅಷ್ಟನ್ನೇ ಅದರ ನಂತರದ ಅರ್ಧ ಗಂಟೆಗೂ ಕೊಡಿ. ಕರೆಂಟ್ ತಾನಾಗಿ ನೋವನ್ನು ತೆಗೆದುಹಾಕುವುದಿಲ್ಲ. ದೇಹ ವ್ಯಾಯಾಮವನ್ನು ತಾಳಿಕೊಳ್ಳುವಂತೆ ಮಾಡುವುದೇ ಅದರಿಂದ ಸಿಗುವ ದೊಡ್ಡ ಉಪಯೋಗ.

ಟಿಡಿಸಿಎಸ್‌ನಲ್ಲಿ ತಲೆಯ ಮೇಲೆ ಎರಡು ಎಲೆಕ್ಟ್ರೋಡ್ ಇಟ್ಟು 1ರಿಂದ 2 ಮಿಲಿಆಂಪಿಯರ್ ನೇರ ವಿದ್ಯುತ್ ಹರಿಸುತ್ತಾರೆ. ಇಷ್ಟು ಸಣ್ಣ ಕರೆಂಟಿಗೆ ನರಕೋಶಗಳು ತಾವಾಗಿ ಸಂಕೇತ ಕಳಿಸುವುದಿಲ್ಲ. ಬೇರೆ ಪ್ರಚೋದನೆ ಬಂದಾಗ ಸ್ವಲ್ಪ ಸುಲಭವಾಗಿ ಅಥವಾ ಸ್ವಲ್ಪ ಕಷ್ಟವಾಗಿ ಸ್ಪಂದಿಸುತ್ತವೆ, ಅಷ್ಟೆ. ಕಾಂತೀಯ ಮಿಡಿತಗಳಿಂದ ಮಿದುಳನ್ನು ಪ್ರಚೋದಿಸುವ ಆರ್‌ಟಿಎಂಎಸ್ ಹಾಗಲ್ಲ, ಅದರ ಮಿಡಿತ ನರಕೋಶವನ್ನು ನೇರವಾಗಿ ಎಬ್ಬಿಸುತ್ತದೆ. ನೋವಿಗೆ ಎರಡರಲ್ಲೂ ಹೆಚ್ಚಾಗಿ ಆರಿಸುವ ಜಾಗ ಮೋಟಾರ್ ಕಾರ್ಟೆಕ್ಸ್. ಚಲನೆಯ ಭಾಗವನ್ನು ಪ್ರಚೋದಿಸಿದರೆ ನೋವು ಯಾಕೆ ಇಳಿಯಬೇಕು ಎಂದು ಹೊಸಬರು ಕೇಳುತ್ತಾರೆ. ಅಲ್ಲಿಂದ ಹೊರಡುವ ಸಂಪರ್ಕಗಳು ಮಿದುಳಿನೊಳಗಿನ ಥಲಾಮಸ್, ಸಿಂಗ್ಯುಲೇಟ್ ಭಾಗಗಳು ಮತ್ತು ಮಿದುಳುಕಾಂಡದ ನೋವು ತಡೆಯುವ ಕೇಂದ್ರಗಳವರೆಗೆ ಹೋಗುತ್ತವೆ. ಈ ಜಾಗಕ್ಕೆ ಕೊಟ್ಟ ಆರ್‌ಟಿಎಂಎಸ್‌ನಿಂದ ಸಿಗುವ ಉಪಶಮನವನ್ನು ಓಪಿಯಾಯ್ಡ್‌ಗಳನ್ನು ತಡೆಯುವ ಔಷಧಿ ನಲೋಕ್ಸೋನ್ ತಗ್ಗಿಸುತ್ತದೆ ಎಂಬುದು ದೇಹದ ಸ್ವಂತ ಓಪಿಯಾಯ್ಡ್‌ಗಳೂ (ನೋವು ತಗ್ಗಿಸುವ ರಾಸಾಯನಿಕಗಳೂ) ಇದರಲ್ಲಿ ಪಾಲುಗೊಳ್ಳುತ್ತವೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ.

ವ್ಯಾಯಾಮವೂ ಇದೇ ತಡೆ ವ್ಯವಸ್ಥೆಯನ್ನು ಬಳಸಿಕೊಳ್ಳುತ್ತದೆ. ಆರೋಗ್ಯವಂತರು ಹದಿನೈದಿಪ್ಪತ್ತು ನಿಮಿಷ ಚುರುಕಾಗಿ ಸೈಕಲ್ ತುಳಿದರೆ ಅವರ ನೋವಿನ ಮಿತಿ ಸ್ವಲ್ಪ ಹೊತ್ತು ಮೇಲೇರುತ್ತದೆ. ಫೈಬ್ರೊಮಯಾಲ್ಜಿಯ ಇರುವ ಅನೇಕರಲ್ಲಿ ಈ ಲಾಭ ಸಿಗುವುದಿಲ್ಲ, ಕೆಲವರಲ್ಲಿ ಉಲ್ಟಾ ಆಗಿ ನೋವು ಹೆಚ್ಚುತ್ತದೆ. ವ್ಯಾಯಾಮ ಬಿಟ್ಟುಬಿಡುವವರನ್ನು ಸೋಮಾರಿಗಳು ಎನ್ನುವುದು ಅನ್ಯಾಯ. ಮೊದಲ ವಾರಗಳಲ್ಲಿ ಅವರ ದೇಹ ನಿಜವಾಗಿಯೂ ನೋವಿನಿಂದಲೇ ಉತ್ತರ ಕೊಡುತ್ತಿರುತ್ತದೆ. ಆ ಮೊದಲ ವಾರಗಳನ್ನು ದಾಟಿಸುವುದಕ್ಕೇ ಈ ಜೋಡಣೆ.

ಪುರಾವೆ ಎಷ್ಟಿದೆಯೋ ಅಷ್ಟನ್ನೇ ಹೇಳಬೇಕು. 2016ರಲ್ಲಿ ಪ್ರಕಟವಾದ, ಫೈಬ್ರೊಮಯಾಲ್ಜಿಯ ಇದ್ದ 45 ಜನರ ಪ್ರಯೋಗದಲ್ಲಿ ಟಿಡಿಸಿಎಸ್ ಮತ್ತು ಏರೋಬಿಕ್ ವ್ಯಾಯಾಮ ಎರಡನ್ನೂ ಪಡೆದವರಿಗೆ ಒಂದನ್ನಷ್ಟೇ ಪಡೆದವರಿಗಿಂತ ಹೆಚ್ಚು ಪ್ರಯೋಜನವಾಯಿತು. 2017ರ ಯುರೋಪಿಯನ್ ತಜ್ಞರ ಮಾರ್ಗಸೂಚಿ ಫೈಬ್ರೊಮಯಾಲ್ಜಿಯದಲ್ಲಿ ಮೋಟಾರ್ ಕಾರ್ಟೆಕ್ಸ್ ಟಿಡಿಸಿಎಸ್‌ಗೆ ‘ಬಿ’ ದರ್ಜೆ ಕೊಟ್ಟಿತು, ಅಂದರೆ ‘ಬಹುಶಃ ಪರಿಣಾಮಕಾರಿ’. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ 2018ರ ಕಾಕ್ರೇನ್ ವಿಮರ್ಶೆ ಇನ್ನೂ ಹುಷಾರಾಗಿ ಮಾತಾಡಿತು: ಅಲ್ಪಾವಧಿಯ ಲಾಭ ಇರಬಹುದು, ಆದರೆ ಪುರಾವೆಯ ಗುಣಮಟ್ಟ ಕಡಿಮೆ. ರೋಗಿಗೂ ಇದನ್ನೇ ಹೇಳಿ. ‘ಗುಣವಾಗುತ್ತದೆ’ ಎಂಬ ಮಾತು ಬೇಡ.

ಇನ್ನು ಕೈಕೆಲಸ. ಜಾಗ ಗುರುತಿಸುವುದು ಅಳತೆಯ ಟೇಪಿನಿಂದ, ಕಣ್ಣಂದಾಜಿನಿಂದಲ್ಲ. ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಎಲುಬಿನ ಉಬ್ಬಿನವರೆಗೆ ಅಳೆದು ಅರ್ಧಕ್ಕೆ ಗುರುತು ಹಾಕಿ. ಆಮೇಲೆ ಒಂದು ಕಿವಿಯ ಮುಂದಿನ ತಗ್ಗಿನಿಂದ ಇನ್ನೊಂದರವರೆಗೆ ನೆತ್ತಿಯ ಮೇಲೆ ಹಾಯಿಸಿ ಅಳೆದು ಅರ್ಧ ಮಾಡಿ. ಎರಡೂ ಗೆರೆ ಕೂಡುವ ಜಾಗ ಸಿಝಡ್ (Cz), ಅಂದರೆ ನೆತ್ತಿಯ ನಡುಬಿಂದು. ಅಲ್ಲಿಂದ ಕಿವಿಯ ಕಡೆಗೆ, ಎರಡನೆಯ ಅಳತೆಯ ಶೇ. 20ರಷ್ಟು ಇಳಿದರೆ ಎಡಕ್ಕೆ ಸಿ3, ಬಲಕ್ಕೆ ಸಿ4. ಮೋಟಾರ್ ಕಾರ್ಟೆಕ್ಸ್ ಇರುವುದು ಇವುಗಳ ಕೆಳಗೆ. ಕಿವಿಯಿಂದ ಕಿವಿಗೆ 36 ಸೆಂ.ಮೀ. ಇದ್ದರೆ 7.2 ಸೆಂ.ಮೀ. ಇಳಿಯಬೇಕು. ನೋವು ಒಂದೇ ಬದಿಯಲ್ಲಿದ್ದರೆ ಆನೋಡ್ (ಧನ ಎಲೆಕ್ಟ್ರೋಡ್) ಎದುರು ಬದಿಗೆ. ಮೈಯೆಲ್ಲ ನೋವಿದ್ದರೆ ಸಾಮಾನ್ಯವಾಗಿ ಸಿ3. ಕ್ಯಾಥೋಡ್ (ಋಣ ಎಲೆಕ್ಟ್ರೋಡ್) ಆನೋಡ್‌ನ ಎದುರು ಬದಿಯ ಹುಬ್ಬಿನ ಮೇಲೆ. ಕೆಂಪು ವೈರ್ ಆನೋಡ್ ಎಂದು ನೆನಪಿದ್ದರೂ ಪ್ರತಿ ಸಲ ಯಂತ್ರದ ತೂತಿನವರೆಗೆ ಬೆರಳಿಟ್ಟು ನೋಡಿ, ಅದಲುಬದಲಾದರೆ ಪರದೆ ಏನೂ ಹೇಳುವುದಿಲ್ಲ.

ಸ್ಪಂಜು 5×7 ಸೆಂ.ಮೀ., ಅಂದರೆ 35 ಚದರ ಸೆಂ.ಮೀ. ನೆನೆಸಲು ಸಲೈನ್ ಬಳಸಿ, ನಲ್ಲಿ ನೀರು ಬೇಡ. ಪ್ರತಿ ಸ್ಪಂಜಿನ ಒಂದೊಂದು ಮುಖಕ್ಕೆ ಸುಮಾರು 6 ಮಿ.ಲೀ. ಸಿರಿಂಜಿನಿಂದಲೇ ಹಾಕಿ, ಬಟ್ಟಲಲ್ಲಿ ಅದ್ದಿ ತೆಗೆಯಬೇಡಿ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಮೇಲ್ಮೈ ಒದ್ದೆಯಾಗಿ ಮಿನುಗಬೇಕು, ಹನಿ ಉದುರಬಾರದು. ಹೆಚ್ಚಾದ ನೀರು ಕೂದಲಿನ ಕೆಳಗೆ ಹರಡಿ ಎಲೆಕ್ಟ್ರೋಡನ್ನೇ ದೊಡ್ಡದು ಮಾಡಿದ ಹಾಗಾಗುತ್ತದೆ, ಕರೆಂಟ್ ಗುರಿ ಬಿಟ್ಟು ಚರ್ಮದ ಮೇಲೆಯೇ ಹೋಗುತ್ತದೆ. ಕಡಿಮೆಯಾದರೆ ಒಣಗಿದ ಅಂಚಿನಲ್ಲಿ ಕರೆಂಟ್ ಒಟ್ಟಾಗಿ ಉರಿ ಬರುತ್ತದೆ. ಚರ್ಮ ಸುಟ್ಟ ವರದಿಗಳಲ್ಲಿ ಒಣಗಿದ ಸ್ಪಂಜು ಮತ್ತು ನಲ್ಲಿ ನೀರು ಮತ್ತೆ ಮತ್ತೆ ಬರುತ್ತವೆ. ಒಳಗಿನ ರಬ್ಬರ್ ಹಾಳೆ ಯಾವ ಮೂಲೆಯಲ್ಲೂ ಚರ್ಮಕ್ಕೆ ತಾಗಬಾರದು.

ದಟ್ಟ ಕೂದಲಿದ್ದರೆ ಬೈತಲೆ ತೆಗೆದ ಹಾಗೆ ಬಿಡಿಸಿ, ನೆತ್ತಿಯ ಚರ್ಮ ಕಾಣುವಂತೆ ಮಾಡಿ, ಅಲ್ಲೂ ಸ್ವಲ್ಪ ಸಲೈನ್ ಹಚ್ಚಿ. ತಲೆಗೆ ಎಣ್ಣೆ ಹಚ್ಚಿಕೊಂಡು ಬಂದರೆ ಇಂಪಿಡೆನ್ಸ್ (ಕರೆಂಟಿಗೆ ಎದುರಾಗುವ ತಡೆ) ಇಳಿಯುವುದೇ ಇಲ್ಲ, ಹಾಗಾಗಿ ಮೊದಲೇ ತಿಳಿಸಿ. ಆದರೂ ಚರ್ಮವನ್ನು ಉಜ್ಜಿ ಕೆರೆದು ಇಂಪಿಡೆನ್ಸ್ ಇಳಿಸಬೇಡಿ. ಗೀರಿದ ಚರ್ಮದ ಮೇಲೆ ಕರೆಂಟ್ ಹರಿಯುವುದೇ ಗಾಯಕ್ಕೆ ದಾರಿ. 10 ಕಿಲೋಓಮ್‌ಗಿಂತ ಕೆಳಗೆ ಬಂದ ಮೇಲಷ್ಟೇ ಶುರು ಮಾಡಿ, 5ರ ಆಸುಪಾಸಿದ್ದರೆ ಇನ್ನೂ ಒಳ್ಳೆಯದು.

ಕರೆಂಟನ್ನು 30 ಸೆಕೆಂಡಿನಲ್ಲಿ ಮೆಲ್ಲಗೆ 2 ಮಿಲಿಆಂಪಿಯರ್‌ಗೆ ಏರಿಸಿ, 20 ನಿಮಿಷ ಇಟ್ಟು, ಹಾಗೆಯೇ 30 ಸೆಕೆಂಡಿನಲ್ಲಿ ಇಳಿಸಿ. ಮೊದಲ ನಿಮಿಷದ ಚುಮುಚುಮು, ತುರಿಕೆ ಸಹಜ, ತಾನಾಗಿ ತಗ್ಗುತ್ತದೆ. ಒಂದೇ ಚುಕ್ಕೆಯಲ್ಲಿ ಉರಿ ಎಂದರೆ ಮಾತ್ರ ಸಹಜ ಎಂದು ಸಮಾಧಾನ ಹೇಳಬೇಡಿ. ಕರೆಂಟ್ ಇಳಿಸಿ, ಸ್ಪಂಜು ತೆಗೆದು ನೋಡಿ. ಕರೆಂಟ್ ಇರುವಾಗಲೇ ಸ್ಪಂಜು ಎಳೆದರೆ ಕಣ್ಣಿನಲ್ಲಿ ಮಿಂಚು ಹೊಡೆದಂತಾಗಿ ರೋಗಿ ಬೆಚ್ಚಿಬೀಳುತ್ತಾರೆ. ಹತ್ತು ನಿಮಿಷವಾದಾಗ ಹಣೆಯ ಸ್ಪಂಜಿನ ಮೇಲಂಚನ್ನು ಮುಟ್ಟಿ ನೋಡಿ, ಒಣಗುವುದು ಅಲ್ಲಿಂದಲೇ. ಮುಗಿದ ಮೇಲೆ ಹಣೆಯಲ್ಲಿ ಸ್ಪಂಜಿನ ಆಕಾರದ ಕೆಂಪು ಕಾಣುತ್ತದೆ. ಇಡೀ ಚೌಕ ಸಮನಾಗಿ ಕೆಂಪಾಗಿದ್ದರೆ ಚಿಂತೆಯಿಲ್ಲ. ಒಂದು ಮೂಲೆಯಷ್ಟೇ ಕಡುಕೆಂಪಾಗಿದ್ದರೆ ಸಂಪರ್ಕ ಸಮನಾಗಿರಲಿಲ್ಲ ಎಂದರ್ಥ.

ಸಮಯವನ್ನೋ ಕರೆಂಟನ್ನೋ ಹೆಚ್ಚಿಸಿದರೆ ಲಾಭವೂ ಹೆಚ್ಚುತ್ತದೆ ಎಂಬ ನಂಬಿಕೆ ಈ ಕೆಲಸದಲ್ಲಿ ನಡೆಯುವುದಿಲ್ಲ. 1 ಮಿಲಿಆಂಪಿಯರ್ ಆನೋಡ್ ಪ್ರಚೋದನೆಯನ್ನು 13 ನಿಮಿಷ ಕೊಟ್ಟಾಗ ಏರಿದ ನರಕೋಶಗಳ ಉದ್ರೇಕತೆ (ಸ್ಪಂದಿಸುವ ಚುರುಕು), ಅದನ್ನೇ ಬಿಡುವಿಲ್ಲದೆ 26 ನಿಮಿಷಕ್ಕೆ ಎಳೆದಾಗ ತಿರುಗಿ ಇಳಿದದ್ದು ಪ್ರಯೋಗದಲ್ಲಿ ಕಂಡಿದೆ. ಪ್ರಚೋದನೆಯ ನಡುವೆ ಕೈಯಿಂದ ಸ್ನಾಯುಕೆಲಸ ಮಾಡಿಸಿದಾಗಲೂ ಆನೋಡ್‌ನ ಪರಿಣಾಮ ಏರುವ ಬದಲು ಸ್ವಲ್ಪ ಇಳಿದದ್ದುಂಟು. ಆದ್ದರಿಂದಲೇ ಮೊದಲು ಕೂತು ಪ್ರಚೋದನೆ, ಆಮೇಲೆ ವ್ಯಾಯಾಮ ಎಂಬ ಕ್ರಮ ನಮಗೆ ಮೆಚ್ಚು. ಎರಡನ್ನೂ ಒಟ್ಟಿಗೆ ಮಾಡಿಸುವವರಿದ್ದಾರೆ. ಹಾಗೆ ಮಾಡುವುದಾದರೆ ಒಂದೇ ಕಡೆ ನಿಂತಿರುವ ವ್ಯಾಯಾಮದ ಸೈಕಲ್ ಆಗಬಹುದು, ಟ್ರೆಡ್‌ಮಿಲ್ ಬೇಡ. ತಲೆ ಕುಲುಕಿ ಪಟ್ಟಿ ಜಾರುತ್ತದೆ, ಬೆವರು ಎರಡು ಸ್ಪಂಜಿನ ನಡುವೆ ಸೇತುವೆ ಕಟ್ಟುತ್ತದೆ.

ಹತ್ತು ಹದಿಮೂರು ನಿಮಿಷದ ಪ್ರಚೋದನೆಯ ಪರಿಣಾಮ ಒಂದು ಗಂಟೆಯ ಆಚೀಚೆ ಉಳಿಯುತ್ತದೆ. ಹದ ಇರುವಾಗಲೇ ಬಿತ್ತಬೇಕು: ಸ್ಪಂಜು ತೆಗೆದ ಹತ್ತು ನಿಮಿಷದೊಳಗೆ ವಾರ್ಮ್‌ಅಪ್ ಶುರುವಾಗಲಿ. ರೋಗಿಯನ್ನು ಕಾರಿಡಾರಿನಲ್ಲಿ ಮುಕ್ಕಾಲು ಗಂಟೆ ಕಾಯಿಸಿದರೆ ಜೋಡಣೆಯ ಅರ್ಥವೇ ಹೋಯಿತು. ಟ್ರೆಡ್‌ಮಿಲ್ ಖಾಲಿಯಾಗುವ ಸಮಯ ನೋಡಿ ಪ್ರಚೋದನೆ ಶುರು ಮಾಡುವುದು ಸರಿಯಾದ ಕ್ರಮ.

ವ್ಯಾಯಾಮದ ಪ್ರಮಾಣ ನಾಡಿಬಡಿತದಿಂದ ತೆಗೆಯಿರಿ. 48 ವರ್ಷ, ವಿಶ್ರಾಂತಿಯಲ್ಲಿ ನಾಡಿ 76 ಎಂದಿಟ್ಟುಕೊಳ್ಳಿ. 220ರಲ್ಲಿ ವಯಸ್ಸು ಕಳೆದರೆ 172. ಅದರಲ್ಲಿ 76 ಕಳೆದರೆ 96. ಇದರ ಶೇ. 40 ಅಂದರೆ 38, ಅದಕ್ಕೆ 76 ಕೂಡಿಸಿ 114. ಶೇ. 50ಕ್ಕೆ 124. ಮೊದಲ ವಾರ 114ರಿಂದ 124ರ ನಡುವೆ ಇರಲಿ. ನಾಡಿಯನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಔಷಧಿ ತೆಗೆದುಕೊಳ್ಳುವವರಲ್ಲಿ ಈ ಲೆಕ್ಕ ಸುಳ್ಳು ಹೇಳುತ್ತದೆ. ಅವರಿಗೆ ಶ್ರಮ ಎಷ್ಟೆನಿಸುತ್ತದೆ ಎಂದು 6ರಿಂದ 20ರವರೆಗೆ ಅಳೆಯುವ ಬೋರ್ಗ್ ಮಾಪಕದಲ್ಲಿ 11ರಿಂದ 13, ಅಂದರೆ ನಡೆಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಬಹಳ ದಿನ ಓಡಾಟವೇ ಇಲ್ಲದವರಿಗೆ 10 ನಿಮಿಷ ಸಾಕು, ಬೇಕಾದರೆ ಐದೈದರ ಎರಡು ಕಂತು. ವಾರಕ್ಕೆ ಒಂದೆರಡು ನಿಮಿಷ ಸೇರಿಸುತ್ತಾ 30ಕ್ಕೆ ಬನ್ನಿ. ಸಮಯ ಮತ್ತು ವೇಗ ಎರಡನ್ನೂ ಒಂದೇ ವಾರದಲ್ಲಿ ಏರಿಸಬೇಡಿ. ನೋವು ಕೆರಳಿದರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ಮಂಡಿ ಸವೆತ ಇದ್ದರೆ ತೊಡೆಯ ಸ್ನಾಯುಗಳಿಗೆ 8ರಿಂದ 12 ಬಾರಿಯ ಎರಡು ಸುತ್ತು ಸೇರಿಸಿ.

ಸಾಮಾನ್ಯ ವೇಳಾಪಟ್ಟಿ ಹೀಗಿರುತ್ತದೆ: ಮೊದಲ ವಾರ ಐದು ದಿನ ಬಿಡದೆ ಪ್ರಚೋದನೆ, ಅದರಲ್ಲಿ ಮೂರು ದಿನ ವ್ಯಾಯಾಮದ ಜೊತೆ, ಆಮೇಲೆ ವಾರಕ್ಕೆ ಮೂರು ದಿನದಂತೆ ವ್ಯಾಯಾಮ ಕನಿಷ್ಠ ನಾಲ್ಕು ವಾರ.

ಎಲ್ಲಕ್ಕಿಂತ ಹೆಚ್ಚು ಕೆಲಸ ಕೆಡುವುದು ಮೂರು ನಾಲ್ಕನೆಯ ದಿನ, ನೋವು ಸ್ವಲ್ಪ ಇಳಿದಾಗ. ‘ಮೇಡಂ, ಇವತ್ತು ಹಗುರಾಗಿದೆ, ಇನ್ನೊಂದು ಹತ್ತು ನಿಮಿಷ ನಡೀಲಾ?’ ಎಂದು ಕೇಳುತ್ತಾರೆ. ಅವರ ಮುಖದಲ್ಲಿ ಅಪರೂಪದ ಗೆಲುವು ಇರುತ್ತದೆ, ಬೇಡ ಎನ್ನಲು ನಮಗೇ ಮನಸ್ಸು ಬರುವುದಿಲ್ಲ. ಆದರೂ ಬೇಡ ಎನ್ನಿ. ನೋವು ಇಳಿದ ಮಾತ್ರಕ್ಕೆ ಸ್ನಾಯು, ಕೀಲುಗಳ ತಾಕತ್ತು ಒಂದೇ ವಾರದಲ್ಲಿ ಹೆಚ್ಚಿರುವುದಿಲ್ಲ. ಮಾರನೆಯ ದಿನ ನೋವು ಉಕ್ಕಿದರೆ ‘ಈ ಕರೆಂಟ್ ನನಗೆ ಆಗಿಬರಲ್ಲ’ ಎಂದು ಹೊರಟುಹೋಗುತ್ತಾರೆ. ಅಂದು ಬರೆದಿಟ್ಟ ನಿಮಿಷ ಎಷ್ಟೋ ಅಷ್ಟೇ: ಒಳ್ಳೆಯ ದಿನ ಹೆಚ್ಚಿಲ್ಲ, ಕೆಟ್ಟ ದಿನ ಸೊನ್ನೆಯಿಲ್ಲ. ಕೆಟ್ಟ ದಿನ ಅರ್ಧಕ್ಕೆ ಇಳಿಸಿ, ಆದರೆ ಮಾಡಿಸಿ. ವ್ಯಾಯಾಮದ ನಂತರ 0–10ರ ಮಾಪಕದಲ್ಲಿ ನೋವು ಹೆಚ್ಚೆಂದರೆ 2 ಅಂಕ ಏರಿ 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಬಂದರೆ ಅದೇ ಪ್ರಮಾಣ ಮುಂದುವರಿಯಲಿ. ಬರದಿದ್ದರೆ ಮುಂದಿನ ಸಲ ನಿಮಿಷದಲ್ಲಿ ಕಾಲುಭಾಗ ಕಡಿತ.

ಶುರುವಿಗೆ ಮುಂಚೆ ಕೇಳಲೇಬೇಕಾದ ಪ್ರಶ್ನೆಗಳಿವೆ: ತಲೆಯೊಳಗೆ ಲೋಹದ ಕ್ಲಿಪ್, ಕಾಕ್ಲಿಯರ್ ಇಂಪ್ಲಾಂಟ್, ಪೇಸ್‌ಮೇಕರ್, ಮೂರ್ಛೆರೋಗ, ತಲೆಬುರುಡೆಯ ಶಸ್ತ್ರಚಿಕಿತ್ಸೆ, ಗರ್ಭ, ಎಲೆಕ್ಟ್ರೋಡ್ ಇಡುವ ಜಾಗದಲ್ಲಿ ಗಾಯ. ಒಂದಕ್ಕೆ ಹೌದು ಎಂದರೂ ವೈದ್ಯರ ತೀರ್ಮಾನವಿಲ್ಲದೆ ಮುಂದೆ ಹೋಗಬೇಡಿ. ಎದೆನೋವು, ಹತೋಟಿಗೆ ಬಾರದ ಬಿಪಿ ಇದ್ದರೆ ವ್ಯಾಯಾಮಕ್ಕೂ ಅದೇ ಮಾತು. ಔಷಧಿಗಳ ಪಟ್ಟಿ ಕೈಯಲ್ಲಿರಲಿ. ಆರೋಗ್ಯವಂತರ ಮೇಲಿನ ಪ್ರಯೋಗಗಳಲ್ಲಿ ಕಾರ್ಬಮಜೆಪೀನ್, ಫ್ಲುನರಿಜೀನ್, ಡೆಕ್ಸ್‌ಟ್ರೊಮೆಥಾರ್ಫಾನ್ ಆನೋಡ್‌ನ ಪರಿಣಾಮವನ್ನು ತಗ್ಗಿಸುತ್ತವೆ ಅಥವಾ ಅಳಿಸುತ್ತವೆ, ಸಿಟಲೊಪ್ರಾಮ್ ಹೆಚ್ಚಿಸುತ್ತದೆ. ನೋವಿನವರ ಚೀಟಿಯಲ್ಲಿ ಇವು ಅಪರೂಪವಲ್ಲ, ಕೆಮ್ಮಿನ ಸಿರಪ್ಪಿನಲ್ಲೂ ಒಂದು ಇರುತ್ತದೆ. ಇದಕ್ಕೆಂದು ಔಷಧಿ ನಿಲ್ಲಿಸುವುದು ಸಲ್ಲದು, ಆದರೆ ಪರಿಣಾಮ ಕಾಣದಿದ್ದಾಗ ಮೊದಲು ನೋಡಬೇಕಾದದ್ದು ಆ ಪಟ್ಟಿಯನ್ನೇ.

ಬ್ಯಾಟರಿಗೆ ವೈರ್ ಸುತ್ತಿ ಮನೆಯಲ್ಲೇ ಮಾಡಿಕೊಳ್ಳುವವರಿಗೆ ಒಂದು ಮಾತು. ಚರ್ಮದ ರೋಧ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ಕರೆಂಟನ್ನು ಸ್ಥಿರವಾಗಿಡುವ ಸರ್ಕ್ಯೂಟ್ ಇಲ್ಲದಿದ್ದರೆ ತಲೆಗೆ ಎಷ್ಟು ಹೋಗುತ್ತಿದೆ ಎಂಬುದೇ ತಿಳಿಯುವುದಿಲ್ಲ. ದಯವಿಟ್ಟು ಬೇಡ.

ಅಳತೆ ಮೊದಲ ದಿನವೇ ಆಗಬೇಕು: ವಾರದ ಸರಾಸರಿ ನೋವಿನ ಅಂಕ, ಆರು ನಿಮಿಷದ ನಡಿಗೆಯ ದೂರ, ನಿದ್ದೆ, ಮತ್ತು ರೋಗಿಯೇ ಆರಿಸಿದ ಒಂದು ಕೆಲಸ, ಉದಾಹರಣೆಗೆ ಕೈಹಿಡಿ ಹಿಡಿಯದೆ ಮೆಟ್ಟಿಲು ಹತ್ತುವುದು. ಎರಡು ಅಂಕ ಅಥವಾ ಶೇ. 30ರಷ್ಟು ಇಳಿಕೆ ರೋಗಿಗೆ ಅನುಭವಕ್ಕೆ ಬರುವಂಥದ್ದು. ನಾಲ್ಕನೆಯ ವಾರದ ಕೊನೆಗೆ ನೋವಿನ ಅಂಕ ಹಾಗೇ ಇದ್ದು ನಡಿಗೆಯ ದೂರ ಹೆಚ್ಚಿದ್ದರೆ ವ್ಯಾಯಾಮ ಮುಂದುವರಿಸಿ, ಪ್ರಚೋದನೆಯನ್ನು ಮತ್ತೆ ಕೊಡುವ ಅಗತ್ಯವಿಲ್ಲ. ಯಾವುದೂ ಕದಲದಿದ್ದರೆ ಎಲೆಕ್ಟ್ರೋಡಿನ ಜಾಗ, ಔಷಧಿ, ನಿದ್ದೆ, ಹಾಜರಾತಿ ಈ ನಾಲ್ಕನ್ನು ನೋಡಿ. ಅವೆಲ್ಲ ಸರಿಯಿದ್ದೂ ಫಲವಿಲ್ಲವೆಂದರೆ ಇನ್ನಷ್ಟು ಪ್ರಚೋದನೆ ಕೊಟ್ಟು ಅವರ ಸಮಯ, ಹಣ ಕಳೆಯದೆ ಯಂತ್ರವನ್ನು ಬಿಟ್ಟು ವ್ಯಾಯಾಮದ ಯೋಜನೆಯನ್ನಷ್ಟೇ ಅವರ ಕೈಗೆ ಬರೆದುಕೊಡಿ.