ಅಲ್ಲ, ಅದು ಲ್ಯಾವೆಂಡರ್ ಅಲ್ಲ

ಜೂನ್ ಕೊನೆಯ ಹೊತ್ತಿಗೆ ನಮ್ಮ ಮನೆಗೆ ಬಂದವರೆಲ್ಲ ಕೇಳುವುದು ಒಂದೇ: "ಮೆಟ್ಟಿಲ ಪಕ್ಕ ನೀಲಿಯಾಗಿ ನಿಂತಿದೆಯಲ್ಲ, ಲ್ಯಾವೆಂಡರ್ ತಾನೇ?" ಅಲ್ಲ ಅಂದರೆ ಮುಂದಿನ ಊಹೆ ಸಾಲ್ವಿಯಾ. ಅದೂ ಅಲ್ಲ ಅಂದರೆ, "ಹಾಗಾದ್ರೆ ಏನದು? ಬೆಂಗಳೂರಲ್ಲಿ ಬರುತ್ತಾ?" ಶಿಕಾಗೋದ ಹೊರವಲಯದಲ್ಲಿ ತೋಟ ಮಾಡುವ ನನಗೆ ಇದು ಪ್ರತಿ ಬೇಸಿಗೆಯ ಪ್ರಶ್ನೆ. ಇಲ್ಲಿ ಬರೆದಿಟ್ಟರೆ ಮುಂದೆ ಲಿಂಕ್ ಕಳಿಸಿ ಸುಮ್ಮನಿರಬಹುದು.

ಅದು ವೆರೋನಿಕಾ. ಇಲ್ಲಿನ ನರ್ಸರಿಗಳಲ್ಲಿ ಸ್ಪೀಡ್‌ವೆಲ್ ಅಂತ ಕೇಳಿದರೂ ಅದನ್ನೇ ಕೊಡುತ್ತಾರೆ. ಈ ಕುಲದಲ್ಲಿ 400ಕ್ಕೂ ಹೆಚ್ಚು ಪ್ರಭೇದಗಳಿವೆ. ಹುಲ್ಲುಹಾಸಿನಲ್ಲಿ ಕಳೆಯಾಗಿ ಹಬ್ಬುವ ಪರ್ಸಿಕಾ ಕೂಡ ಇದೇ ಬಳಗ. ಹೂವಿನ ಪಾತಿಗೆ ಬರುವುದು ಮುಖ್ಯವಾಗಿ ಯುರೋಪ್ ಮತ್ತು ಏಷ್ಯಾ ಮೂಲದ ಸ್ಪೈಕಾಟಾ, ಲಾಂಗಿಫೋಲಿಯಾ ಹಾಗೂ ಅವುಗಳ ಮಿಶ್ರತಳಿಗಳು.

ಗುರುತು ಹಿಡಿಯಲು ಹೊರಟವರು ಬಣ್ಣ ನೋಡಿ ಮೋಸಹೋಗುತ್ತಾರೆ. ನೀಲಿ ಹೂವಿನ ನೆಟ್ಟಗಿನ ತೆನೆ ಹತ್ತಾರು ಗಿಡಗಳಿಗಿದೆ. ವೆರೋನಿಕಾದಲ್ಲೇ 'ರೆಡ್ ಫಾಕ್ಸ್' ಎಂಬುದು ಗುಲಾಬಿ ಬಣ್ಣದ್ದು, ಬಿಳಿಯವೂ ಉಂಟು. ಹಾಗಾಗಿ ಮೊದಲು ಕೈ ಉಪಯೋಗಿಸಿ. ಎಲೆ ಹಿಸುಕಿ ಮೂಸಿ ನೋಡಿ: ಲ್ಯಾವೆಂಡರ್ ಆದರೆ ಘಮ ಬಂದೇ ಬರುತ್ತದೆ, ಎಲೆಯೂ ಬೂದು ಬಣ್ಣದ ಸಣ್ಣ ಪಟ್ಟಿಯಂತಿರುತ್ತದೆ. ವೆರೋನಿಕಾ ಎಲೆಗೆ ಹಸಿ ಸೊಪ್ಪಿನ ವಾಸನೆ ಅಷ್ಟೇ. ಅಂಚಿನಲ್ಲಿ ಗರಗಸದ ಹಲ್ಲು. ಆಮೇಲೆ ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿ. ಲ್ಯಾವೆಂಡರ್, ಸಾಲ್ವಿಯಾ ಎರಡೂ ತುಳಸಿ, ಪುದೀನಾಗಳ ಕುಟುಂಬದವು, ಕಾಂಡ ಚೌಕ. ವೆರೋನಿಕಾದ್ದು ದುಂಡು. ಮುಕ್ಕಾಲು ಪಾಲು ಗೊಂದಲ ಇಲ್ಲಿಗೇ ಮುಗಿಯುತ್ತದೆ.

ಉಳಿದದ್ದಕ್ಕೆ ತೆನೆಯಿಂದ ಒಂದೇ ಒಂದು ಹೂ ಕಿತ್ತು ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ನಾಲ್ಕು ಎಸಳಿನಂಥ ಭಾಗಗಳು. ಮೇಲಿನದು ಅಗಲ, ಕೆಳಗಿನದು ಕಿರಿದು. ಹೊರಗೆ ಚಾಚಿಕೊಂಡ ಎರಡೇ ಕೇಸರಗಳು. ಬರೀ ಕೇಸರ ಎಣಿಸಿ ತೀರ್ಮಾನಕ್ಕೆ ಬರಬೇಡಿ, ಸಾಲ್ವಿಯಾಕ್ಕೂ ಎರಡೇ. ಆದರೆ ಸಾಲ್ವಿಯಾ ಹೂ ಮೇಲ್ದುಟಿ, ಕೆಳದುಟಿ ಅಂತ ಸ್ಪಷ್ಟವಾಗಿ ಬಾಯಿ ತೆರೆದಿರುತ್ತದೆ. ಇನ್ನೊಂದು ಸುಲಭದ ಗುರುತು ತೆನೆ ಅರಳುವ ದಿಕ್ಕು. ವೆರೋನಿಕಾ ಬುಡದಿಂದ ತುದಿಗೆ ಅರಳುತ್ತದೆ. ಇಲ್ಲಿನ ತೋಟಗಳಲ್ಲಿ ಅದರ ಪಕ್ಕದಲ್ಲೇ ನಿಲ್ಲುವ ಲಿಯಾಟ್ರಿಸ್ ತಲೆಕೆಳಗು, ತುದಿಯಿಂದ ಬುಡಕ್ಕೆ. ಗಿಡ ಆಳೆತ್ತರ ಬೆಳೆದು, ಒಂದೊಂದು ಗಿಣ್ಣಿನಲ್ಲಿ ಐದಾರು ಎಲೆ ಸುತ್ತುಗಟ್ಟಿದ್ದರೆ ಅದು ಅಮೆರಿಕದ್ದೇ ಆದ ವೆರೋನಿಕಾಸ್ಟ್ರಮ್, ಹತ್ತಿರದ ಸಂಬಂಧಿ.

ಲೇಬಲ್ ಕಳೆದುಕೊಂಡು, ಫೋಟೋ ಕಳಿಸಿ "ಯಾವ ತಳಿ ಹೇಳಿ" ಅನ್ನುವವರಿಗೆ ನನ್ನ ಉತ್ತರ: ಫೋಟೋ ನೋಡಿ ತಳಿಯ ಹೆಸರು ಹೇಳುವವರನ್ನು ನಂಬಬೇಡಿ. ಗಿಡ್ಡಗೆ ಒತ್ತಾಗಿದ್ದರೆ 'ರಾಯಲ್ ಕ್ಯಾಂಡಲ್ಸ್' ಇರಬಹುದು. ಎಲೆ ಸುಕ್ಕುಸುಕ್ಕಾಗಿದ್ದು ತೆನೆ ಗಾಢ ನೇರಳೆ-ನೀಲಿಯಾಗಿದ್ದರೆ, 1993ರಲ್ಲಿ ಇಲ್ಲಿ ವರ್ಷದ ಬಹುವಾರ್ಷಿಕ ಗಿಡ ಅನ್ನಿಸಿಕೊಂಡ 'ಸನ್ನಿ ಬಾರ್ಡರ್ ಬ್ಲೂ' ಇರಬಹುದು. ಇರಬಹುದು, ಅಷ್ಟೇ.

ಬೆಳೆಸುವುದು ಕಷ್ಟವಲ್ಲ. ದಿನಕ್ಕೆ ಆರು ಗಂಟೆ ಬಿಸಿಲು, ನೀರು ಇಂಗುವ ಮಣ್ಣು. ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿಗೂ ಇದು ಸಾಯುವುದಿಲ್ಲ. ಚಳಿಗಾಲದಲ್ಲಿ ಬುಡದಲ್ಲಿ ನಿಂತ ನೀರಿಗೆ ಸಾಯುತ್ತದೆ. ನಮ್ಮದು ಜೇಡಿಮಣ್ಣು, ಅದಕ್ಕೇ ಪಾತಿ ಏರಿಸಿ ಕಾಂಪೋಸ್ಟ್ ಬೆರೆಸಿ ನೆಟ್ಟಿದ್ದೇನೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡಿ, ನೀರು ಬುಡಕ್ಕೇ ಹಾಕಿ. ಗಾಳಿಯಾಡದಿದ್ದರೆ ಎಲೆಗೆ ಬೂದಿರೋಗ. ಗೊಬ್ಬರ ಜಾಸ್ತಿಯಾದರೆ ಕಾಂಡ ಮೆತ್ತಗಾಗಿ ಬಾಗುತ್ತದೆ. ಒಣಗಿದ ತೆನೆಯನ್ನು ಪಕ್ಕದ ಚಿಗುರಿನ ಮೇಲಕ್ಕೆ ಕತ್ತರಿಸಿದರೆ ಆಗಸ್ಟ್‌ವರೆಗೂ ಹೂ, ಹೂವಿನ ತುಂಬ ಜೇನ್ನೊಣ. ಮೂರು-ನಾಲ್ಕು ವರ್ಷಕ್ಕೊಮ್ಮೆ ಬುಡದ ನಡುಭಾಗ ಬರಿದಾಗುತ್ತದೆ. ಆಗ ವಸಂತದಲ್ಲಿ ಅಗೆದು, ಅಂಚಿನ ಚಿಗುರುಗಳನ್ನು ಬೇರುಸಮೇತ ಬಿಡಿಸಿ ನೆಡಬೇಕು. ಎಳೆ ಚಿಗುರಿಗೆ ಮೊಲಗಳ ಕಾಟ ಇದ್ದೇ ಇದೆ, ತಂತಿ ಬಲೆಯೇ ಗತಿ.

ಈಗ ಬೆಂಗಳೂರಿನ ಮಾತು. ಬರುವುದಿಲ್ಲ ಅನ್ನುವುದೇ ನೇರ ಉತ್ತರ. ಈ ತೋಟದ ತಳಿಗಳು ಚಳಿಗಾಲದಲ್ಲಿ ನೆಲಮಟ್ಟಕ್ಕೆ ಒಣಗಿ ಮಲಗಿ ಏಳುವ ಗಿಡಗಳು. ಬೆಂಗಳೂರಿನ ಡಿಸೆಂಬರ್ ನಮಗೆ ಸ್ವೆಟರ್ ಹಾಕಿಸಬಹುದು, ಇದಕ್ಕೆ ಆ ಚಳಿ ಸಾಲದು. ಮೇಲೆ ಮಳೆಗಾಲದ ತೇವ ಬೇರೆ. ಬೀಜವನ್ನು ಸೂಟ್‌ಕೇಸಿನಲ್ಲಿ ಅಡಗಿಸಿ ಒಯ್ಯುವ ಉಪಾಯ ಹೇಳುವವರಿಗೆ: ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಬೀಜ, ಗಿಡ ತರಲು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬದುಕದ ಗಿಡಕ್ಕೆ ಅಷ್ಟು ಪಾಡೇಕೆ?

ಅದರ ಬದಲು ನರ್ಸರಿಯಲ್ಲಿ ಆಂಜೆಲೋನಿಯಾ ಕೇಳಿ. ಉಷ್ಣವಲಯದ ಅಮೆರಿಕ ಮೂಲದ್ದು, ಸೆಕೆ ಅಂದರೆ ಇಷ್ಟ, ಹೂ ಅದೇ ರೀತಿ ನೆಟ್ಟಗಿನ ತೆನೆಯಲ್ಲಿ. ಸಸ್ಯಶಾಸ್ತ್ರದ ಲೆಕ್ಕದಲ್ಲೂ ವೆರೋನಿಕಾದ ಕುಟುಂಬದ್ದೇ. ಇಸಬ್‌ಗೋಲೂ ನೀರುಬ್ರಾಹ್ಮಿಯೂ ಅದೇ ಮನೆಯವು. ನೀಲಿಯೇ ಆಗಬೇಕು, ದೂರದಿಂದ ನೋಡಿದರೆ ಹೀಗೇ ಕಾಣಬೇಕು ಅಂದರೆ ಸಾಲ್ವಿಯಾ ಫಾರಿನೇಸಿಯಾ ನೆಡಿ. ಎರಡೂ ತಾರಸಿಯ ಕುಂಡದಲ್ಲಿ ಬರುತ್ತವೆ. ಕುಂಡದ ತೂತು ಮುಚ್ಚದಿರಲಿ, ಒಣಗಿದ ತೆನೆ ಸವರುತ್ತಿರಿ.