ನಲವತ್ತು ಸಾವಿರ ಜನಕ್ಕೆಂದು ಬರೆದ ನಕ್ಷೆ

ಭುವನೇಶ್ವರದಲ್ಲಿ ಯಾರನ್ನಾದರೂ ಮನೆ ಎಲ್ಲಿ ಅಂತ ಕೇಳಿ ನೋಡಿ, ಉತ್ತರವಾಗಿ ಒಂದು ನಂಬರು ಬರುವ ಸಾಧ್ಯತೆಯೇ ಹೆಚ್ಚು. ಯೂನಿಟ್ ನಾಲ್ಕು, ಯೂನಿಟ್ ಆರು, ಯೂನಿಟ್ ಒಂಬತ್ತು. ಸರ್ಕಾರ ಅಶೋಕ ನಗರ, ಖಾರವೇಲ ನಗರ ಅಂತ ಚರಿತ್ರೆ ಪುಸ್ತಕದಿಂದ ಹೆಸರು ತಂದು ಇಟ್ಟಿದೆ. ಆದರೆ ನಾನು ದಿನದ ಲೆಕ್ಕಕ್ಕೆ ಹಿಡಿದಿದ್ದ ಆಟೋದವನ ಬಾಯಲ್ಲಿ ಅವು ಯೂನಿಟ್ ಎರಡು, ಯೂನಿಟ್ ಮೂರು, ಅಷ್ಟೆ.

ಮಗಳಿಗೆ ಅಲ್ಲಿಯ ಸಂಸ್ಥೆಯೊಂದರಲ್ಲಿ ಸಂದರ್ಶನವಿತ್ತು. ಅವಳು ಒಳಗೆ ಹೋದ ಮೇಲೆ ಸಂಜೆಯವರೆಗೆ ನಾನು ಬಿಡುವಾಗಿದ್ದೆ. ಲೋಕೋಪಯೋಗಿ ಇಲಾಖೆಯಲ್ಲಿ ದುಡಿದು ನಿವೃತ್ತನಾದವನಿಗೆ ಹೊಸ ಊರಿಗೆ ಹೋದರೆ ಮೊದಲು ಕಣ್ಣು ಬೀಳುವುದು ರಸ್ತೆಯ ಅಗಲದ ಮೇಲೆ, ಚರಂಡಿಯ ಇಳಿಜಾರಿನ ಮೇಲೆ. ಈ ಊರಿನ ನಕ್ಷೆಯ ಮೇಲಂತೂ ನನಗೆ ಬಹಳ ಹಿಂದಿನಿಂದ ಕುತೂಹಲ. ಅದನ್ನು ಬರೆದವನು ನಮ್ಮ ಮೈಸೂರು ಸಂಸ್ಥಾನದ ಸಂಬಳ ತಿಂದವನು.

ಒಟ್ಟೊ ಕೋನಿಗ್ಸ್‌ಬರ್ಗರ್ ಅವನ ಹೆಸರು. ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ. ಹಿಟ್ಲರ್ ಬಂದ ಮೇಲೆ ದೇಶ ಬಿಟ್ಟ, 1939ರಲ್ಲಿ ಮೈಸೂರಿಗೆ ಬಂದು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾದ. ಸರ್ ಮಿರ್ಜಾ ಇಸ್ಮಾಯಿಲ್ಲರು ದಿವಾನರಾಗಿದ್ದ ಕಾಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಒಳಗೆ ಏರೋನಾಟಿಕ್ಸ್, ಮೆಟಲರ್ಜಿ ವಿಭಾಗಗಳ ಕಟ್ಟಡಗಳನ್ನು ನೋಡಿದವರಿಗೆ ಅವನ ಕೈ ಗೊತ್ತು: ಬಿಸಿಲು ತಡೆಯುವ ಚಾಚು, ಗಾಳಿಗೆ ದಾರಿ, ಅಲಂಕಾರವೆಂದು ಏನೂ ಇಲ್ಲ. ಅಂಥವನಿಗೆ ಸ್ವಾತಂತ್ರ್ಯ ಬಂದ ಮರುವರ್ಷವೇ ಒಂದು ಇಡೀ ರಾಜಧಾನಿಯನ್ನು ಬರೆಯುವ ಕೆಲಸ ಸಿಕ್ಕಿತು.

ರಾಜಧಾನಿ ಬೇಕಾಗಿದ್ದು ಕಟಕದ ಇಕ್ಕಟ್ಟಿನಿಂದ. ಭಾಷೆಯ ಆಧಾರದ ಮೇಲೆ ಒಡಿಶಾ 1936ರ ಏಪ್ರಿಲ್ ಒಂದರಂದು ಬೇರೆ ಪ್ರಾಂತವಾದಾಗ ಕಚೇರಿಗಳೆಲ್ಲ ಕಟಕದಲ್ಲೇ ಇದ್ದವು. ಒಂದು ಕಡೆ ಮಹಾನದಿ, ಇನ್ನೊಂದು ಕಡೆ ಕಾಠಜೋಡಿ. ಊರು ಬೆಳೆಯಲು ಜಾಗವಿಲ್ಲ, ಮಳೆಗಾಲಕ್ಕೆ ನೆರೆಯ ಭಯ ಬೇರೆ. ದಕ್ಷಿಣಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ದೂರದ ಭುವನೇಶ್ವರದಲ್ಲಿ ಜಂಬಿಟ್ಟಿಗೆಯ ಎತ್ತರದ ನೆಲವಿತ್ತು, ರೈಲಿತ್ತು, ಯುದ್ಧಕಾಲದ ವಿಮಾನದ ಪಟ್ಟಿಯೂ ಇತ್ತು. ಕಟಕದವರು ಗಲಾಟೆ ಮಾಡಿದರು. ಮುಖ್ಯಮಂತ್ರಿ ಹರೇಕೃಷ್ಣ ಮಹತಾಬ್ ಹಟ ಬಿಡಲಿಲ್ಲ. 1948ರ ಏಪ್ರಿಲ್ 13ರಂದು ನೆಹರೂ ಅಡಿಗಲ್ಲು ಹಾಕಿದರು. ಹೈಕೋರ್ಟು ಮಾತ್ರ ಇವತ್ತಿಗೂ ಕಟಕದಲ್ಲೇ ಇದೆ.

ಆಟೋದವನಿಗೆ ಇದ್ಯಾವುದೂ ಬೇಕಿರಲಿಲ್ಲ. ಪ್ರವಾಸಿ ಅಂದರೆ ದೇವಸ್ಥಾನ ಅನ್ನುವುದು ಅವನ ಲೆಕ್ಕ. ಕೇಳದೆಯೇ ಹಳಿ ದಾಟಿಸಿ ಪೂರ್ವದ ಹಳೆಯೂರಿಗೆ ಕರೆದುಕೊಂಡು ಹೋದ. ಹೊಸ ಪಟ್ಟಣದ ಗೆರೆ ಹೊಡೆದಂಥ ರಸ್ತೆಗಳು ಮುಗಿದು, ಎದುರಿಗೆ ಬಂದ ಗೂಳಿಯೇ ದಾರಿ ತೀರ್ಮಾನಿಸುವ ಬೀದಿಗಳು ಶುರುವಾದವು.

ಲಿಂಗರಾಜ ಹನ್ನೊಂದನೇ ಶತಮಾನದ್ದು, ಗೋಪುರದ ಎತ್ತರ ನೂರೆಂಬತ್ತು ಅಡಿ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಅಷ್ಟು ಮೇಲೆ ಹೋಗಿದ್ದಾರೆ. ಕೆಳಗೆ ನಿಂತು ನೋಡಿದಾಗ ಕತ್ತಿಗಿಂತ ಹೆಚ್ಚಾಗಿ ನನ್ನ ವೃತ್ತಿಯ ಜಂಬಕ್ಕೆ ನೋವಾಯಿತು. ಶಿವನೇ ಆದರೂ ಹರಿಹರನೆಂದು ಪೂಜೆ. ಬಿಲ್ವದ ಜೊತೆ ತುಳಸಿಯೂ ಏರುತ್ತದೆ. ಹಿಂದೂಗಳಲ್ಲದವರಿಗೆ ಪ್ರವೇಶವಿಲ್ಲ, ಅವರು ಗೋಡೆಯಾಚೆಯ ಕಟ್ಟೆ ಹತ್ತಿ ಇಣುಕಬೇಕು. ಈ ಊರಿಗೆ ಹೊಸ ಜನ್ಮ ಕೊಟ್ಟ ಕೋನಿಗ್ಸ್‌ಬರ್ಗರನೂ ಆ ನಿಯಮದ ಪ್ರಕಾರ ಹೊರಗಿನವನೇ.

ಮಧ್ಯಾಹ್ನದ ಊಟ ಬಿಂದುಸಾಗರದ ದಂಡೆಯ ಅನಂತ ವಾಸುದೇವನಲ್ಲಿ. 1278ರಲ್ಲಿ ಕಳಿಂಗದ ಪೂರ್ವ ಗಂಗರ ರಾಜಕುಮಾರಿ ಚಂದ್ರಿಕಾ ಕಟ್ಟಿಸಿದ ಗುಡಿ. ಶಿವಾಲಯಗಳ ಈ ಊರಲ್ಲಿ ಊಟಕ್ಕೆ ಮಾತ್ರ ಎಲ್ಲರೂ ವಿಷ್ಣುವಿನ ಬಾಗಿಲಿಗೇ ಬರುತ್ತಾರೆ. ಸೌದೆ ಒಲೆ, ಮಣ್ಣಿನ ಮಡಕೆ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ನೈವೇದ್ಯವಾದ ಮೇಲೆ ಮಡಕೆಗಳು ಅಂಗಳಕ್ಕೆ ಬರುತ್ತವೆ, ದುಡ್ಡು ಕೊಟ್ಟು ಕೊಳ್ಳಬೇಕು. ನಮ್ಮ ಕಡೆ ದೇವಸ್ಥಾನದ ಊಟಕ್ಕೆ ಯಾರೂ ದುಡ್ಡು ಕೇಳುವುದಿಲ್ಲವಾದ್ದರಿಂದ ಮೊದಲು ಕಸಿವಿಸಿಯಾಯಿತು. ತಿಂದ ಮೇಲೆ ಆ ತಕರಾರು ಉಳಿಯಲಿಲ್ಲ. ಬಾಳೆಕಾಯಿ, ಕುಂಬಳ, ಸುವರ್ಣಗೆಡ್ಡೆ ಹಾಕಿದ ದಾಲ್ಮಾ ಹುಣಸೆ ಮರೆತ ಹುಳಿಯ ಹಾಗಿತ್ತು. ಆಟೋದವನೂ ಪಕ್ಕದಲ್ಲೇ ನೆಲಕ್ಕೆ ಕೂತು ನನ್ನ ಎರಡರಷ್ಟು ಉಂಡ. ಅಲ್ಲಿಂದಾಚೆಗೆ ನಾನು ಹೇಳಿದ ಕಡೆ ಗಾಡಿ ತಿರುಗಿಸಿದ.

ನಾನು ಹೇಳಿದ್ದು ಧೌಲಿ. ಪುರಿಯ ರಸ್ತೆಯಲ್ಲಿ ದಯಾ ನದಿ ದಾಟಿದರೆ ಸಿಗುತ್ತದೆ. ಬಸ್ಸಿನಲ್ಲಿ ಬಂದವರೆಲ್ಲ 1972ರಲ್ಲಿ ಜಪಾನಿನ ಬೌದ್ಧರು ಕಟ್ಟಿದ ಬಿಳಿ ಶಾಂತಿಸ್ತೂಪಕ್ಕೆ ನೇರ ಹೋಗುತ್ತಾರೆ. ಅಶೋಕನ ಶಾಸನದ ಬಂಡೆ ಗುಡ್ಡದ ಕೆಳಗೇ ಇದೆ, ಮೇಲೆ ಬಂಡೆಯಿಂದ ಅರ್ಧ ಹೊರಬಂದ ಆನೆ. ಅಲ್ಲಿ ನಾನೊಬ್ಬನೇ ಇದ್ದೆ. ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಅಶೋಕ ಹೇಳಿಕೊಳ್ಳುವುದು ಹದಿಮೂರನೇ ಶಾಸನದಲ್ಲಿ. ಆ ಶಾಸನ ಇಲ್ಲಿಲ್ಲ. ಸತ್ತವರ ಊರಿನಲ್ಲೇ ಸತ್ತವರ ಲೆಕ್ಕ ಕೆತ್ತಿಸುವ ಧೈರ್ಯ ಅವನಿಗಾಗಲಿಲ್ಲವೋ, ಅದು ರಾಜಕಾರಣವೋ. ಅದರ ಬದಲು ಅಧಿಕಾರಿಗಳಿಗೆ ಬರೆದ ಎರಡು ಪ್ರತ್ಯೇಕ ಶಾಸನಗಳಿವೆ: ಎಲ್ಲ ಮನುಷ್ಯರೂ ನನ್ನ ಮಕ್ಕಳು, ಯಾರನ್ನೂ ಕಾರಣವಿಲ್ಲದೆ ಸೆರೆಗೆ ಹಾಕಬೇಡಿ, ಸೋಮಾರಿತನ ಬೇಡ. ಒಂದು ಬಗೆಯಲ್ಲಿ ಸರ್ಕಾರಿ ಸುತ್ತೋಲೆ. ಇವೇ ಎರಡು ಶಾಸನಗಳು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿವೆ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ. ಭೀಮಾ ತೀರಕ್ಕೆ ಈ ಕಳಿಂಗದ ಸುತ್ತೋಲೆ ಯಾಕೆ ಬೇಕಾಯಿತು ಅಂತ ಬಂಡೆಯ ಮುಂದೆ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ.

ವಾಪಸ್ ಹೊಸ ಪಟ್ಟಣಕ್ಕೆ. ಕೋನಿಗ್ಸ್‌ಬರ್ಗರನ ಯೋಚನೆ ಸರಳ: ಊರನ್ನು ಯೂನಿಟ್ಟುಗಳಾಗಿ ಒಡೆ, ಒಂದೊಂದಕ್ಕೂ ಅದರದೇ ಶಾಲೆ, ದವಾಖಾನೆ, ಅಂಗಡಿ. ಮಗು ದೊಡ್ಡ ರಸ್ತೆ ದಾಟದೆ ಶಾಲೆಗೆ ನಡೆದು ಹೋಗಬೇಕು. ರಸ್ತೆಗಳಲ್ಲೇ ಏಳು ಬಗೆ. ಕಾಲುದಾರಿಗೊಂದು, ಸೈಕಲ್ಲಿಗೊಂದು, ಹೀಗೆ. ಯೂನಿಟ್ ಆರರಲ್ಲಿ ಆಟೋ ನಿಲ್ಲಿಸಿ ಸ್ವಲ್ಪ ದೂರ ನಡೆದೆ. ಒಂದೇ ಅಂತಸ್ತಿನ ಕ್ವಾರ್ಟರ್ಸು, ಜಾಲರಿಯ ವೆರಾಂಡ, ಹಿತ್ತಲಲ್ಲಿ ನುಗ್ಗೆ, ಹಲಸು. ಎಷ್ಟೋ ಕಾಂಪೌಂಡುಗಳಲ್ಲಿ ದೊಡ್ಡ ಮರದ ಬೊಡ್ಡೆ ಮಾತ್ರ ಉಳಿದಿದೆ. 2019ರ ಮೇ ಮೂರರ ಫನಿ ಚಂಡಮಾರುತದ ಕೆಲಸ, ಅಂದ ಆಟೋದವನು. ವಾರಕ್ಕೂ ಮಿಕ್ಕಿ ಅವನ ಮನೆಗೆ ಕರೆಂಟಿರಲಿಲ್ಲವಂತೆ. ಕೆಲವು ಯೂನಿಟ್ಟುಗಳಲ್ಲಿ ಈಗ ಹಳೆ ಕ್ವಾರ್ಟರ್ಸು ಕೆಡವಿ ಬಹುಮಹಡಿ ಏಳಿಸುತ್ತಿದ್ದಾರೆ.

ನಕ್ಷೆ ಬರೆದಿದ್ದು ನಲವತ್ತು ಸಾವಿರ ಜನಕ್ಕೆ. 2011ರ ಜನಗಣತಿ ಹೊತ್ತಿಗೆ ಎಂಟು ಲಕ್ಷ ದಾಟಿತ್ತು. ಅದನ್ನು ತಪ್ಪೆನ್ನಲಾರೆ, ಜನಸಂಖ್ಯೆಯ ಅಂದಾಜಿನಲ್ಲಿ ನಮ್ಮ ಇಲಾಖೆ ಗೆದ್ದಿದ್ದನ್ನೂ ನಾನು ಕಂಡಿಲ್ಲ. ನನ್ನ ತಕರಾರು ಬೇರೆ. ಆ ನಲವತ್ತು ಸಾವಿರದಲ್ಲಿ ಗುಮಾಸ್ತ, ಮೇಲಧಿಕಾರಿ, ಮಂತ್ರಿ, ಜವಾನ ಎಲ್ಲರಿಗೂ ದರ್ಜೆಗೆ ತಕ್ಕ ಮನೆಯಿತ್ತು. ಮನೆ ಕಟ್ಟಲು ಬಂದ ಕೂಲಿಗೆ, ಪಾತ್ರೆ ತೊಳೆಯುವವಳಿಗೆ, ರಿಕ್ಷಾದವನಿಗೆ ಇರಲಿಲ್ಲ. ಅವರು ಗೆರೆಗಳ ಆಚೆ ತಾವೇ ಊರು ಕಟ್ಟಿಕೊಂಡರು. ಸಾಲಿಯಾ ಸಾಹಿ ಈಗ ನಗರದ ಅತಿ ದೊಡ್ಡ ಕೊಳಗೇರಿ. ಆಟೋದವನ ಮನೆಯೂ ಅಲ್ಲಿಯೇ ಅಂತೆ. ಅದಕ್ಕೆ ಮಾತ್ರ ಯೂನಿಟ್ ನಂಬರಿಲ್ಲ.

ಸಂಜೆ ಯೂನಿಟ್ ಒಂದರ ತರಕಾರಿ ಸಂತೆಯ ಹೊರಗೆ ದಹಿಬರಾದವನು ನಿಂತಿದ್ದ. ಮೋಟರ್ ಸೈಕಲ್ಲಿನ ಎರಡು ಬದಿಗೆ ಎರಡು ದೊಡ್ಡ ಹಂಡೆ: ಒಂದರಲ್ಲಿ ನೀರುಮಜ್ಜಿಗೆಯಲ್ಲಿ ತೇಲುವ ಉದ್ದಿನವಡೆ, ಇನ್ನೊಂದರಲ್ಲಿ ಆಲೂ ದಮ್. ಎರಡನ್ನೂ ಒಂದೇ ದೊನ್ನೆಗೆ ಹಾಕಿ ಮೇಲೆ ಈರುಳ್ಳಿ, ಸೇವು. ಕಟಕದವನು; ದಿನಾ ಬರುತ್ತಾನೆ, ಹಂಡೆ ಖಾಲಿಯಾದರೆ ವಾಪಸ್ ಹೋಗುತ್ತಾನೆ. ಇಲ್ಲೇ ಯಾಕೆ ಮನೆ ಮಾಡಬಾರದು ಅಂತ ಹಿಂದಿಯಲ್ಲಿ ಕೇಳಿದೆ.

"ಇಲ್ಲಿ ಯಾರಾದರೂ ಇರ್ತಾರಾ ಬಾಬು? ಇದು ನೌಕರಿ ಮಾಡೋ ಜಾಗ," ಅಂದ.

ಆಟೋದವನಿಗೆ ಸಿಟ್ಟು ಬಂತು. ಮಳೆ ಬಂದರೆ ಮೊಣಕಾಲು ಮುಳುಗುವ ಕಟಕದಲ್ಲಿ ಯಾರಿರುತ್ತಾರೆ ಎಂದು ಶುರು ಮಾಡಿದ. ಇಬ್ಬರೂ ಒಡಿಯಾಕ್ಕೆ ಇಳಿದರು, ನನಗೆ ಅಲ್ಲೊಂದು ಇಲ್ಲೊಂದು ಶಬ್ದ ಸಿಕ್ಕಿತು. ದಹಿಬರಾದವನ ಮಾತಿನಲ್ಲಿ 'ಹೈಕೋರ್ಟ್' ಎರಡು ಸಲ ಬಂತು. ಕೊನೆಗೆ ಆಟೋದವನು ನನ್ನ ಕಡೆ ತಿರುಗಿ, "ನೋಡಿ ಸಾರ್, ಜಗಳ ಆದ್ರೆ ಮಾತ್ರ ಇವರ ಊರಿಗೆ ಹೋಗಬೇಕು," ಎಂದು ದೊನ್ನೆ ಮುಂದೆ ಚಾಚಿ ಇನ್ನೂ ಎರಡು ವಡೆ ಹಾಕಿಸಿಕೊಂಡ.